ಘಟಪ್ರಭೆಯ ಪ್ರವಾಹ ಮತ್ತು ರಾಡಾರ್ ಉಪಗ್ರಹ ಚಿತ್ರಗಳು: ನಕ್ಷೆಯಲ್ಲಿ ಕಾಣುವುದು, ಕಾಣದಿರುವುದು

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಹಾಗೂ ಮೂಡಲಗಿ ತಾಲೂಕುಗಳು ಘಟಪ್ರಭಾ ನದಿಯ ಹರಿವಿನ ದಾರಿಯಲ್ಲಿ ಒಂದರ ನಂತರ ಒಂದರಂತೆ ಬರುತ್ತವೆ. ಸಹ್ಯಾದ್ರಿಯಲ್ಲಿ ಹುಟ್ಟುವ ಈ ನದಿಗೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯವನ್ನು ನಿರ್ಮಿಸಲಾಗಿದೆ. ಆಂಬೋಲಿಯ ಕಡೆಯಿಂದ ಆಜರಾ, ಗಡಹಿಂಗ್ಲಜ ಹಾಗೂ ಸಂಕೇಶ್ವರದ ಮಾರ್ಗವಾಗಿ ಬರುವ ಹಿರಣ್ಯಕೇಶಿಯು ಈ ಜಲಾಶಯದ ಕೆಳಭಾಗದಲ್ಲಿ ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಮಾರ್ಕಂಡೇಯ ನದಿಯು ಗೋಕಾಕದ ಸಮೀಪ ಬಂದು ಸೇರುತ್ತದೆ. ಹೀಗಾಗಿ ಹಿರಣ್ಯಕೇಶಿಯ ನೀರಿಗೆ ಹಿಡಕಲ್ ಅಣೆಕಟ್ಟೆಯ ತಡೆಯಿಲ್ಲ. ಘಟ್ಟದ ಮೇಲೆ ಏಕಕಾಲಕ್ಕೆ ಮಳೆ ಸುರಿದಾಗ ಮೂರೂ ನದಿಗಳ ನೀರು ಗೋಕಾಕದ ಆಸುಪಾಸಿನಲ್ಲಿ ಒಟ್ಟುಗೂಡುತ್ತದೆ.

2019ರ ಆಗಸ್ಟ್ ತಿಂಗಳಿನಲ್ಲಿ ಇದೇ ಸಂಭವಿಸಿತು. ಗೋಕಾಕ ಪಟ್ಟಣದ ತಗ್ಗು ಬಡಾವಣೆಗಳು ಜಲಾವೃತವಾದವು, ಲೋಳಸೂರು ಸೇತುವೆ ಮುಳುಗಿತು, ಕೆಳಗಿನ ಮೂಡಲಗಿ ತಾಲೂಕಿನ ಸುಣಧೋಳಿ, ಅವರಾದಿ, ಢವಳೇಶ್ವರ ಮುಂತಾದ ನದಿ ದಂಡೆಯ ಗ್ರಾಮಗಳ ಹೊಲಗಳಿಗೆ ನೀರು ನುಗ್ಗಿತು. 2021ರ ಜುಲೈನಲ್ಲಿಯೂ ಪ್ರವಾಹ ಬಂದಿತು. ಇಂತಹ ಸಂದರ್ಭಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳ ಆಧಾರದ ಮೇಲೆ ಮುಳುಗಡೆ ನಕ್ಷೆಗಳನ್ನು ಸಿದ್ಧಪಡಿಸುತ್ತದೆ. ಈ ನಕ್ಷೆಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾದ್ದರಿಂದ, ಮೊಣಕಾಲುದ್ದ ನೀರು ನಿಂತಿದ್ದ ತನ್ನ ಕಬ್ಬಿನ ಗದ್ದೆಯು ನಕ್ಷೆಯಲ್ಲಿ ಒಣಭೂಮಿಯಾಗಿ ಕಾಣುವುದೇಕೆ ಎಂಬ ಪ್ರಶ್ನೆ ರೈತನಲ್ಲಿ ಏಳುವುದು ಸಹಜ. ನಕ್ಷೆ ತಪ್ಪೇ, ಪರಿಹಾರ ಕೈತಪ್ಪುವುದೇ ಎಂಬ ಆತಂಕವೂ ಅದರ ಹಿಂದೆಯೇ ಬರುತ್ತದೆ. ಈ ಪ್ರಶ್ನೆಗೆ ಉತ್ತರವು ರಾಡಾರ್ ಎಂಬ ಸಾಧನವು ನೋಡುವ ರೀತಿಯಲ್ಲಿಯೇ ಅಡಗಿದೆ.

ಮೋಡದ ಆಚೆಯಿಂದ ನೋಡುವ ಕಣ್ಣು

ಸಾಮಾನ್ಯ ಉಪಗ್ರಹ ಛಾಯಾಚಿತ್ರಕ್ಕೆ ಸೂರ್ಯನ ಬೆಳಕು ಬೇಕು, ಆಕಾಶವೂ ಶುಭ್ರವಾಗಿರಬೇಕು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಘಟ್ಟದ ಸೆರಗಿನ ಈ ಪ್ರದೇಶದ ಮೇಲೆ ವಾರಗಟ್ಟಲೆ ಮೋಡ ಕವಿದಿರುತ್ತದೆ. ಪ್ರವಾಹ ಬರುವ ದಿನವೇ ಛಾಯಾಚಿತ್ರಕ್ಕೆ ಅತ್ಯಂತ ಪ್ರತಿಕೂಲವಾದ ದಿನ. ರಾಡಾರ್ ಉಪಗ್ರಹವು ಸೂರ್ಯನನ್ನು ಅವಲಂಬಿಸುವುದಿಲ್ಲ. ಅದು ತಾನೇ ಸೂಕ್ಷ್ಮತರಂಗಗಳನ್ನು ಓರೆಯಾಗಿ ಭೂಮಿಯ ಕಡೆಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯನ್ನು ದಾಖಲಿಸುತ್ತದೆ. ಕೆಲವು ಸೆಂಟಿಮೀಟರ್ ಉದ್ದದ ಈ ತರಂಗಗಳಿಗೆ ಮೋಡವು ಅಡ್ಡಿಯಾಗುವುದಿಲ್ಲ. ಹಗಲು ರಾತ್ರಿಗಳ ಭೇದವೂ ಇಲ್ಲ.

ಕತ್ತಲೆಯಲ್ಲಿ ಕೆರೆಯ ದಂಡೆಯ ಮೇಲೆ ನಿಂತು ಬ್ಯಾಟರಿಯ ಬೆಳಕನ್ನು ಓರೆಯಾಗಿ ನೀರಿನ ಮೇಲೆ ಬಿಟ್ಟವರಿಗೆ ಮುಂದಿನ ಸಂಗತಿ ತಿಳಿದಿದೆ. ಅಲೆಯಿಲ್ಲದ ನೀರು ಬೆಳಕನ್ನು ಆಚೆಗೆ ಜಾರಿಸಿಬಿಡುತ್ತದೆ, ನೋಡುವವನಿಗೆ ನೀರು ಕಪ್ಪಾಗಿ ಕಾಣುತ್ತದೆ. ಆಚೆ ದಂಡೆಯ ಕಲ್ಲು, ಗಿಡ, ಗೋಡೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಒಂದಷ್ಟು ಬೆಳಕು ಮರಳಿ ಕಣ್ಣಿಗೆ ಬಂದು ಅವು ಗೋಚರಿಸುತ್ತವೆ. ರಾಡಾರ್ ಚಿತ್ರದ ಮೂಲಸೂತ್ರವೂ ಇದೇ ಆಗಿದೆ. ನಯವಾದ ಮೇಲ್ಮೈ ಕಪ್ಪು, ಒರಟು ಮೇಲ್ಮೈ ಬೂದು, ಗೋಡೆ ಹಾಗೂ ಲೋಹದ ಮೂಲೆಗಳು ಬಿಳುಪು. ಚಿತ್ರದ ಕಪ್ಪು ಬಣ್ಣವು ಮೇಲ್ಮೈಯ ನಯವನ್ನಷ್ಟೇ ಹೇಳುತ್ತದೆ, ಅಲ್ಲಿ ನೀರಿದೆಯೆಂದು ನೇರವಾಗಿ ಹೇಳುವುದಿಲ್ಲ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಓಡುದಾರಿಯೂ ಇಂತಹ ಚಿತ್ರದಲ್ಲಿ ಕಾಲುವೆಯಂತೆ ಕಪ್ಪಾಗಿಯೇ ಇರುತ್ತದೆ.

ಇನ್ನೊಂದು ತೊಡಕು ಆಂಟೆನಾದ ಗಾತ್ರದ್ದು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-1 ಉಪಗ್ರಹದ ಆಂಟೆನಾ ಸುಮಾರು 12 ಮೀಟರ್ ಉದ್ದವಿದ್ದು, ತರಂಗದ ಉದ್ದ ಸುಮಾರು 5.5 ಸೆಂಟಿಮೀಟರ್. 850 ಕಿಲೋಮೀಟರ್ ಓರೆದೂರದಿಂದ ಇಷ್ಟು ಆಂಟೆನಾ ಬಳಸಿ ನೇರವಾಗಿ ನೋಡಿದರೆ 4 ಕಿಲೋಮೀಟರ್‌ಗಿಂತ ಸಣ್ಣ ವಿವರ ತಿಳಿಯಲಾರದು. ಗೋಕಾಕ ಪಟ್ಟಣವೆಲ್ಲ ಒಂದೇ ಚುಕ್ಕೆಯಾಗಿಬಿಡುತ್ತಿತ್ತು. ಈ ಕಾರಣಕ್ಕಾಗಿ ಉಪಗ್ರಹವು ತನ್ನ ಪಥದಲ್ಲಿ ಮುಂದುವರಿಯುತ್ತ ಒಂದೇ ಸ್ಥಳದಿಂದ ನೂರಾರು ಬಾರಿ ಪ್ರತಿಧ್ವನಿ ಪಡೆಯುತ್ತದೆ. ಗಣಕಯಂತ್ರವು ಅವೆಲ್ಲವನ್ನೂ ಜೋಡಿಸಿ ಕಿಲೋಮೀಟರ್‌ಗಟ್ಟಲೆ ಉದ್ದದ ಆಂಟೆನಾದಿಂದ ನೋಡಿದಂತಹ ಚಿತ್ರವನ್ನು ರಚಿಸುತ್ತದೆ. ಅಮೆರಿಕದ ಇಂಜಿನಿಯರ್ ಕಾರ್ಲ್ ವೈಲಿ 1951ರಲ್ಲಿ ಸೂಚಿಸಿದ ಈ ವಿಧಾನವನ್ನು ಸಂಶ್ಲೇಷಿತ ದ್ವಾರ ರಾಡಾರ್ ಎಂದು ಕರೆಯಲಾಗುತ್ತದೆ.

ಅಲೆಜಾಡು ಬಿಟ್ಟ ಹಡಗು, ಹಳಿ ಬಿಟ್ಟ ರೈಲು

ನಾಗರಿಕ ಬಳಕೆಗಾಗಿ ಇಂತಹ ರಾಡಾರನ್ನು ಮೊದಲ ಬಾರಿಗೆ ಹೊತ್ತೊಯ್ದ ಉಪಗ್ರಹವು ಸಮುದ್ರ ವೀಕ್ಷಣೆಗಾಗಿಯೇ ರೂಪುಗೊಂಡಿತ್ತು. 1978ರ ಜೂನ್‌ನಲ್ಲಿ ಅಮೆರಿಕ ಹಾರಿಸಿದ ಸೀಸ್ಯಾಟ್ ಕೇವಲ ಮೂರೂವರೆ ತಿಂಗಳು ಕಾರ್ಯನಿರ್ವಹಿಸಿತು. ಸಮುದ್ರದ ಕಪ್ಪು ಹಿನ್ನೆಲೆಯಲ್ಲಿ ಉಕ್ಕಿನ ಹಡಗುಗಳು ಬಿಳಿ ಚುಕ್ಕೆಗಳಾಗಿ ಸ್ಪಷ್ಟವಾಗಿ ಮೂಡಿದವು. ಆದರೆ ಆ ಚಿತ್ರಗಳಲ್ಲಿ ಒಂದು ವಿಚಿತ್ರವಿತ್ತು. ಚಲಿಸುವ ಹಡಗು ತನ್ನ ಹಿಂದೆ ಬಿಟ್ಟ ಅಲೆಜಾಡಿನ ತುದಿಯಲ್ಲಿ ಇರದೆ, ಅದರಿಂದ ನೂರಾರು ಮೀಟರ್ ಪಕ್ಕಕ್ಕೆ ಸರಿದು ನಿಂತಂತೆ ಕಾಣುತ್ತಿತ್ತು.

ಕಾರಣವನ್ನು ಘಟಪ್ರಭಾ ರೈಲು ನಿಲ್ದಾಣದಲ್ಲಿ ನಿಂತೇ ಊಹಿಸಬಹುದು. ಸೀಟಿ ಹಾಕುತ್ತ ನಿಲ್ಲದೆ ಸಾಗುವ ರೈಲು ಸಮೀಪಿಸುವಾಗ ಸದ್ದು ತೀಕ್ಷ್ಣವಾಗಿರುತ್ತದೆ, ದಾಟಿಹೋದಾಗ ಇಳಿಯುತ್ತದೆ. ಕಣ್ಣು ಮುಚ್ಚಿಕೊಂಡವರಿಗೂ ಸದ್ದು ಇಳಿಯುವ ಆ ಕ್ಷಣದಲ್ಲಿ ರೈಲು ತಮ್ಮ ಎದುರಿಗೇ ಇದೆ ಎಂದು ತಿಳಿಯುತ್ತದೆ. ಉಪಗ್ರಹವೂ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ವೇಗದಲ್ಲಿ ಸಾಗುತ್ತ, ಭೂಮಿಯ ಪ್ರತಿಯೊಂದು ವಸ್ತುವಿನ ಪ್ರತಿಧ್ವನಿಯು ಯಾವ ಕ್ಷಣದಲ್ಲಿ ಹೀಗೆ ಏರಿಕೆಯಿಂದ ಇಳಿಕೆಗೆ ತಿರುಗಿತು ಎಂಬುದನ್ನು ನೋಡಿಯೇ ಆ ವಸ್ತುವಿನ ಸ್ಥಾನವನ್ನು ನಿರ್ಧರಿಸುತ್ತದೆ. ಎಲ್ಲ ವಸ್ತುಗಳೂ ನಿಂತಿವೆ ಎಂಬ ಭಾವನೆ ಈ ಲೆಕ್ಕದ ಬುಡದಲ್ಲಿದೆ. ಹಡಗು ಉಪಗ್ರಹದ ಕಡೆಗೆ ಬರುತ್ತಿದ್ದರೆ ಅದರ ಸ್ವಂತ ಚಲನೆಯು ತೀಕ್ಷ್ಣತೆಯನ್ನು ಸ್ವಲ್ಪ ಹೆಚ್ಚಿಸುವುದರಿಂದ ತಿರುಗುವ ಕ್ಷಣ ತಡವಾಗುತ್ತದೆ. ಗಣಕಯಂತ್ರವು ಹಡಗನ್ನು ಉಪಗ್ರಹ ಸಾಗುವ ದಿಕ್ಕಿನಲ್ಲಿ ಮುಂದೆ ಒಯ್ದು ಇರಿಸುತ್ತದೆ. ದೂರ ಸರಿಯುವ ಹಡಗು ಹಿಂದಕ್ಕೆ ಬೀಳುತ್ತದೆ. ಅಲೆಜಾಡು ಮಾತ್ರ ಹಡಗಿನಂತೆ ಓಡದೆ ನೀರಿನ ಮೇಲೆ ಉಳಿಯುವುದರಿಂದ ತನ್ನ ನಿಜವಾದ ಜಾಗದಲ್ಲಿಯೇ ಚಿತ್ರಿತವಾಗುತ್ತದೆ.

ಸೆಂಟಿನೆಲ್-1ರ ಎತ್ತರದಲ್ಲಿ, ಉಪಗ್ರಹದ ದೃಷ್ಟಿರೇಖೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗವಿದ್ದರೆ ಚಿತ್ರದಲ್ಲಿ 100 ಮೀಟರ್‌ಗಿಂತ ತುಸು ಹೆಚ್ಚಿನ ಸ್ಥಾನಪಲ್ಲಟವಾಗುತ್ತದೆ. ಅಲೆಜಾಡಿನಿಂದ ಸುಮಾರು 300 ಮೀಟರ್ ಸರಿದು ಕಾಣುವ ಹಡಗು, ಉಪಗ್ರಹದ ಪಥಕ್ಕೆ ಅಡ್ಡವಾಗಿ ಗಂಟೆಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದು ಲೆಕ್ಕ ಹಾಕಬಹುದು. ದೋಷವೆಂದು ಮೊದಲಿಗೆ ಕಂಡದ್ದು ವೇಗ ಅಳೆಯುವ ಸಾಧನವಾದದ್ದು ಹೀಗೆ. ತಮ್ಮ ಗುರುತನ್ನು ರೇಡಿಯೋ ಮೂಲಕ ಸಾರುವ ಉಪಕರಣವನ್ನು ಆರಿಸಿಟ್ಟುಕೊಂಡು ಸಂಚರಿಸುವ ಹಡಗುಗಳನ್ನೂ ಈ ಚಿತ್ರಗಳಿಂದ ಪತ್ತೆ ಹಚ್ಚಲಾಗುತ್ತಿದೆ. ಭಾರತೀಯ ನೌಕಾಪಡೆಯ ಪಿ-8ಐ ಗಸ್ತು ವಿಮಾನದ ರಾಡಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಲೆಗಳ ಮೇಲೆ ಹಡಗು ಓಲಾಡುವ ಚಲನೆಯನ್ನೇ ಬಳಸಿಕೊಂಡು ಅದರ ಆಕಾರವನ್ನು ಚಿತ್ರಿಸಬಲ್ಲದು.

ಮಿರಜ-ಬೆಳಗಾವಿ ಮಾರ್ಗದಲ್ಲಿ ಓಡುವ ರೈಲಿಗೂ ಇದೇ ನಿಯಮ ಅನ್ವಯಿಸುತ್ತದೆ. ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳ ನಡುವೆ ವೇಗವಾಗಿ ಸಾಗುವ ರೈಲಿನ ಮೇಲೆ ರಾಡಾರ್ ಉಪಗ್ರಹ ಹಾದುಹೋದರೆ, ಆ ರೈಲು ಹಳಿಯಿಂದ ಕೆಲವು ನೂರು ಮೀಟರ್ ಆಚೆ, ಯಾರದೋ ಹೊಲದಲ್ಲಿ ಓಡುತ್ತಿರುವಂತೆ ಚಿತ್ರದಲ್ಲಿ ಮೂಡಬಹುದು.

ಪ್ರವಾಹ ಕಾಲದಲ್ಲಿ ಈ ಸಂಗತಿಗೆ ಒಂದು ಗಂಭೀರ ಅರ್ಥವಿದೆ. ರಕ್ಷಣಾ ದೋಣಿ ಎಲ್ಲಿದೆ, ನೀರಿನಲ್ಲಿ ಸಿಲುಕಿದವರು ಎಲ್ಲಿದ್ದಾರೆ ಎಂಬುದನ್ನು ಉಪಗ್ರಹದಿಂದ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಕೆಲವರಲ್ಲಿದೆ. ಇದು ಸರಿಯಲ್ಲ. ರಬ್ಬರ್ ದೋಣಿಯು ಕೆಲವೇ ಮೀಟರ್ ಉದ್ದವಿದ್ದು, ಉಕ್ಕಿನ ಹಡಗಿನಂತೆ ತರಂಗಗಳನ್ನು ಪ್ರತಿಫಲಿಸುವುದಿಲ್ಲ. ಮೇಲಾಗಿ ಅದು ಸೆಳವಿನಲ್ಲಿ ಚಲಿಸುತ್ತಿರುತ್ತದೆ. ಪ್ರವಾಹ ನಕ್ಷೆಗೆ ಬಳಸುವ ಚಿತ್ರದಲ್ಲಿ ಅದು ಕಾಣುವುದಿಲ್ಲ, ಕಂಡರೂ ಇದ್ದ ಜಾಗದಲ್ಲಿ ಕಾಣುವುದಿಲ್ಲ. ಆದ್ದರಿಂದ ಮನೆಯ ಮಾಳಿಗೆಯ ಮೇಲೆ ಸಿಲುಕಿದವರು ದೂರವಾಣಿಯ ಮೂಲಕ ಅಥವಾ ನೆರೆಹೊರೆಯವರ ಮೂಲಕ ತಾಲೂಕು ಆಡಳಿತಕ್ಕೆ ಸುದ್ದಿ ಮುಟ್ಟಿಸುವುದು ಅತ್ಯವಶ್ಯವಾಗಿರುತ್ತದೆ.

ಮುಳುಗಡೆ ನಕ್ಷೆ ಸಿದ್ಧವಾಗುವ ಬಗೆ

ಮಳೆಗಾಲಕ್ಕೆ ಮೊದಲು ತೆಗೆದ ಚಿತ್ರ ಹಾಗೂ ಪ್ರವಾಹದ ದಿನದ ಚಿತ್ರ ಇವೆರಡನ್ನೂ ಒಂದರ ಮೇಲೊಂದು ಹೊಂದಿಸಿ, ಮೊದಲು ಬೂದಾಗಿದ್ದು ಈಗ ಕಪ್ಪಾಗಿರುವ ಭಾಗಗಳನ್ನು ಗುರುತಿಸಲಾಗುತ್ತದೆ. ಹಿಡಕಲ್ ಜಲಾಶಯ, ಧೂಪದಾಳ ಒಡ್ಡಿನ ಹಿನ್ನೀರು ಮುಂತಾಗಿ ಸದಾ ನೀರಿರುವ ಪ್ರದೇಶಗಳನ್ನು ಲೆಕ್ಕದಿಂದ ತೆಗೆಯಲಾಗುತ್ತದೆ. ಗುಡ್ಡದ ನೆರಳಿನ ಭಾಗಗಳನ್ನೂ ತೆಗೆಯಬೇಕಾಗುತ್ತದೆ. ಓರೆಯಾಗಿ ಬರುವ ತರಂಗಗಳು ಕಡಿದಾದ ಬಂಡೆಯ ಹಿಂಬದಿಗೆ ತಲುಪದ ಕಾರಣ ಅಲ್ಲಿಯೂ ಕಪ್ಪು ಮೂಡುತ್ತದೆ. 52 ಮೀಟರ್ ಎತ್ತರದಿಂದ ನೀರು ಧುಮ್ಮಿಕ್ಕುವ ಗೋಕಾಕ ಜಲಪಾತದ ಕೆಳಗಿನ ಕಣಿವೆಯಲ್ಲಿ ನದಿಯ ಕಪ್ಪು ಯಾವುದು, ಬಂಡೆಯ ನೆರಳಿನ ಕಪ್ಪು ಯಾವುದು ಎಂದು ಬೇರ್ಪಡಿಸುವುದು ನುರಿತವರಿಗೂ ಸುಲಭವಲ್ಲ.

ಸೆಂಟಿನೆಲ್-1ರ ಸಾಮಾನ್ಯ ಚಿತ್ರದಲ್ಲಿ ಒಂದು ಬಿಂದುವು ನೆಲದ ಮೇಲಿನ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗವನ್ನು ಪ್ರತಿನಿಧಿಸುತ್ತದೆ. ಇದು ಹೆಚ್ಚುಕಡಿಮೆ ಒಂದು ಗುಂಟೆ. ಹಾಗೆಂದು ಗುಂಟೆ ಗುಂಟೆಯ ಲೆಕ್ಕವನ್ನು ಈ ಚಿತ್ರದಿಂದ ಹೇಳಲು ಬಾರದು. ರಾಡಾರ್ ಚಿತ್ರವು ಸ್ವಭಾವತಃ ಉಪ್ಪು ಮೆಣಸು ಎರಚಿದಂತೆ ಕಾಳುಕಾಳಾಗಿರುತ್ತದೆ. ಅದನ್ನು ತಿಳಿಗೊಳಿಸಲು ಅಕ್ಕಪಕ್ಕದ ಹಲವು ಬಿಂದುಗಳ ಸರಾಸರಿ ತೆಗೆಯಲಾಗುವುದರಿಂದ ಅರ್ಧ ಎಕರೆಯ ತುಂಡು ಹೊಲದ ಬಗ್ಗೆ ಚಿತ್ರವು ಖಚಿತವಾಗಿ ಏನನ್ನೂ ಹೇಳಲಾರದು.

ಕಬ್ಬಿನ ಗದ್ದೆಯ ನೀರು ಏಕೆ ಕಾಣುವುದಿಲ್ಲ

ಈ ಮೂರು ತಾಲೂಕುಗಳ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ವಿಷಯ. ನೀರಾವರಿಯ ಕಪ್ಪು ಮಣ್ಣಿನಲ್ಲಿ ಕಬ್ಬು ಇಲ್ಲಿನ ಪ್ರಧಾನ ಬೆಳೆ. ಆಗಸ್ಟ್ ವೇಳೆಗೆ ಅದು ಆಳೆತ್ತರವನ್ನು ಮೀರಿ ದಟ್ಟವಾಗಿ ಬೆಳೆದಿರುತ್ತದೆ. ಐದೂವರೆ ಸೆಂಟಿಮೀಟರಿನ ತರಂಗವು ಕಬ್ಬಿನ ರವದಿಯಲ್ಲಿಯೇ ಚೆದುರಿ ಮರಳಿ ಹೋಗುತ್ತದೆ, ಬುಡದವರೆಗೆ ಇಳಿಯುವುದು ಅತ್ಯಲ್ಪ. ಬುಡದಲ್ಲಿ ಎರಡು ಮೂರು ಅಡಿ ನೀರು ನಿಂತಿದ್ದರೂ ಮೇಲಿನಿಂದ ಆ ಗದ್ದೆಯು ನೀರಿಲ್ಲದ ಗದ್ದೆಯಂತೆಯೇ ಬೂದಾಗಿ ಕಾಣುತ್ತದೆ. ಕಬ್ಬು ಪೂರ್ತಿ ಮುಳುಗಿದಾಗ ಮಾತ್ರ ಕಪ್ಪು ಮೂಡುತ್ತದೆ. ಅರ್ಧ ಮುಳುಗಿದ ಮೆಕ್ಕೆಜೋಳದ ಸ್ಥಿತಿ ಇನ್ನೂ ವಿಚಿತ್ರವಾದುದು. ನೀರಿನಿಂದ ಪುಟಿದ ತರಂಗವು ನೆಟ್ಟಗೆ ನಿಂತ ದಂಟಿಗೆ ತಾಗಿ ನೇರವಾಗಿ ಉಪಗ್ರಹಕ್ಕೆ ಮರಳುವುದರಿಂದ ಮುಳುಗಿದ ಹೊಲವು ಮೊದಲಿಗಿಂತ ಹೆಚ್ಚು ಬೆಳ್ಳಗೆ ಕಾಣಬಹುದು.

ಪಟ್ಟಣದ ಬೀದಿಗಳಲ್ಲಿಯೂ ಇದೇ ತೊಂದರೆಯಿದೆ. ಒತ್ತೊತ್ತಾಗಿರುವ ಮನೆಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನಿಂತ ನೀರು ಮತ್ತು ಮನೆಯ ಗೋಡೆ ಎರಡೂ ಸೇರಿ ಕನ್ನಡಿಯ ಮೂಲೆಯಂತೆ ವರ್ತಿಸಿ ಬಿಳುಪನ್ನು ಹೆಚ್ಚಿಸುತ್ತವೆ. ಸಮುದ್ರದಲ್ಲಿ ಹಡಗನ್ನು ಬೆಳಗಿಸುವ ಗುಣವೇ ಪಟ್ಟಣದಲ್ಲಿ ಪ್ರವಾಹವನ್ನು ಮರೆಮಾಡುತ್ತದೆ. ಆದುದರಿಂದ ನದಿಯಂಚಿನ ಬಯಲು ಹೊಲಗಳ ಮುಳುಗಡೆಯನ್ನು ಚೆನ್ನಾಗಿ ತೋರಿಸುವ ನಕ್ಷೆಯು ಅತಿ ಹೆಚ್ಚು ಜನ ವಾಸಿಸುವ ಬಡಾವಣೆಗಳ ಬಗ್ಗೆ ಮೌನವಾಗಿರುವ ಸಾಧ್ಯತೆ ಇದೆ. ಬಿರುಗಾಳಿ ಬೀಸಿ ನೀರಿನ ಮೇಲೆ ಅಲೆಯೆದ್ದರೆ ವಿಶಾಲವಾದ ನೀರಿನ ಹರವೂ ಬೂದಾಗಿಬಿಡುತ್ತದೆ.

ಸಮಯದ ಪ್ರಶ್ನೆಯೂ ಇದೆ. ಸೆಂಟಿನೆಲ್-1 ಸರಣಿಯ ಒಂದು ಉಪಗ್ರಹವು ಅದೇ ಪಥಕ್ಕೆ ಮರಳಲು 12 ದಿನ ಬೇಕು. ಅದು ಇಲ್ಲಿ ಹಾದುಹೋಗುವುದು ಬೆಳಗಿನ ಅಥವಾ ಸಂಜೆಯ ಸುಮಾರು 6 ಗಂಟೆಯ ವೇಳೆಗೆ. ಹಿಡಕಲ್‌ನಿಂದ ಬಿಟ್ಟ ನೀರು ಕೆಲವೇ ಗಂಟೆಗಳಲ್ಲಿ ಗೋಕಾಕವನ್ನು ತಲುಪುತ್ತದೆ. ಮಧ್ಯರಾತ್ರಿ ಏರಿ ನಸುಕಿಗೆ ಇಳಿದ ನೀರನ್ನು ಬೆಳಗಿನ ಚಿತ್ರವು ಅರ್ಧವಷ್ಟೇ ನೋಡುತ್ತದೆ, ಎರಡು ದಿನಗಳ ನಂತರದ ಚಿತ್ರವು ನೋಡುವುದೇ ಇಲ್ಲ.

ಪರಿಹಾರಕ್ಕೂ ನಕ್ಷೆಗೂ ಇರುವ ಸಂಬಂಧ

ಉಪಗ್ರಹದ ಮುಳುಗಡೆ ನಕ್ಷೆಯು ಬೆಳೆ ಹಾನಿಯ ದಾಖಲೆಯಲ್ಲ. ಯಾವ ಹೋಬಳಿಗೆ ಮೊದಲು ತಂಡ ಕಳುಹಿಸಬೇಕು, ಯಾವ ರಸ್ತೆ ಕಡಿದುಹೋಗಿದೆ, ನೀರು ಎಷ್ಟು ವಿಸ್ತಾರದಲ್ಲಿ ಹರಡಿದೆ ಎಂಬ ಸ್ಥೂಲ ಚಿತ್ರವನ್ನು ಆಡಳಿತಕ್ಕೆ ಬೇಗ ಒದಗಿಸುವುದು ಅದರ ಉದ್ದೇಶ. ಬೆಳೆ ಹಾನಿಯನ್ನು ಕಂದಾಯ, ಕೃಷಿ ಹಾಗೂ ತೋಟಗಾರಿಕೆ ಇಲಾಖೆಗಳ ಸಿಬ್ಬಂದಿಯು ಸ್ಥಳಕ್ಕೆ ಬಂದು ಜಂಟಿ ಸಮೀಕ್ಷೆಯ ಮೂಲಕ ನಿರ್ಧರಿಸುತ್ತಾರೆ. ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಬೆಳೆಯು ಪರಿಹಾರಕ್ಕೆ ಅರ್ಹವಾಗುತ್ತದೆ, ಮತ್ತು ಆ ವಿವರವನ್ನು ಪರಿಹಾರ ತಂತ್ರಾಂಶದಲ್ಲಿ ದಾಖಲಿಸಲಾಗುತ್ತದೆ. ನಕ್ಷೆಯಲ್ಲಿ ತನ್ನ ಗದ್ದೆ ಕಾಣುತ್ತಿಲ್ಲವೆಂದು ರೈತನು ಸುಮ್ಮನಾಗುವುದಾಗಲಿ, ನಕ್ಷೆಯಲ್ಲಿ ನೀಲಿ ಬಣ್ಣ ಬಿದ್ದಿದೆಯೆಂದು ಸಮೀಕ್ಷೆಗೆ ಗೈರುಹಾಜರಾಗುವುದಾಗಲಿ ಎರಡೂ ನಷ್ಟಕ್ಕೆ ದಾರಿ.

ನೀರು ಇಳಿದ ಮೇಲೆ ಗೋಡೆಯ ಮೇಲಿನ ಕೆಸರಿನ ಗೆರೆ, ಕಬ್ಬಿನ ದಂಟಿಗೆ ಅಂಟಿದ ರಾಡಿ, ಬೇಲಿಗೆ ಸಿಕ್ಕಿಕೊಂಡ ಕಸಕಡ್ಡಿ ಇವು ಉಪಗ್ರಹ ಕಾಣದ ಸಂಗತಿಗಳನ್ನು ಹೇಳುವ ಗುರುತುಗಳು. ಮಳೆ ಬಿದ್ದು ಅಳಿಯುವ ಮೊದಲು ಇವುಗಳ ಛಾಯಾಚಿತ್ರವನ್ನು ದಿನಾಂಕ ಸಹಿತ ತೆಗೆದಿಟ್ಟುಕೊಂಡು, ಪಹಣಿಯೊಂದಿಗೆ ಗ್ರಾಮ ಆಡಳಿತಾಧಿಕಾರಿಗೆ ತೋರಿಸುವುದು ಉಪಯುಕ್ತ.

ಹೊಸ ಉಪಗ್ರಹಗಳು

ಇಸ್ರೋ ಸಂಸ್ಥೆಯು 2012ರ ಏಪ್ರಿಲ್ 26ರಂದು ಹಾರಿಸಿದ ರಿಸ್ಯಾಟ್-1 ಉಪಗ್ರಹವು ದೇಶೀಯವಾಗಿ ನಿರ್ಮಿತವಾದ ಮೊದಲ ರಾಡಾರ್ ಚಿತ್ರಣ ಉಪಗ್ರಹವಾಗಿತ್ತು. 2019ರ ಪ್ರವಾಹದ ವೇಳೆಗೆ ಅದರ ಸೇವೆ ಮುಗಿದಿತ್ತು. ಅದರ ಮುಂದುವರಿಕೆಯಾದ ಇಒಎಸ್-04 ಉಪಗ್ರಹವನ್ನು 2022ರ ಫೆಬ್ರವರಿ 14ರಂದು ಉಡಾಯಿಸಲಾಯಿತು. ಇವೆರಡೂ ಸೆಂಟಿನೆಲ್-1ರಂತೆಯೇ ಸುಮಾರು ಐದೂವರೆ ಸೆಂಟಿಮೀಟರಿನ ತರಂಗವನ್ನು ಬಳಸುವಂಥವು. ಕಬ್ಬಿನ ಕೆಳಗಿನ ನೀರು ಇವುಗಳಿಗೂ ಅಷ್ಟಕ್ಕಷ್ಟೇ.

ಇಸ್ರೋ ಮತ್ತು ಅಮೆರಿಕದ ನಾಸಾ ಸಂಸ್ಥೆಗಳು ಜಂಟಿಯಾಗಿ ರೂಪಿಸಿ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಜೋಡಿಸಿದ ನಿಸಾರ್ ಉಪಗ್ರಹವು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಕಕ್ಷೆಗೆ ಸೇರಿತು. ಇದರಲ್ಲಿ ಎರಡು ರಾಡಾರ್‌ಗಳಿವೆ. ಒಂದರ ತರಂಗ ಸುಮಾರು 24 ಸೆಂಟಿಮೀಟರ್, ಇನ್ನೊಂದರದು ಸುಮಾರು 9 ಸೆಂಟಿಮೀಟರ್. 24 ಸೆಂಟಿಮೀಟರಿನ ತರಂಗವು ಎಲೆಗಳನ್ನು ಹಾದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಬುಡದ ನೀರು ಮತ್ತು ದಂಟು ಸೇರಿ ಮರಳಿಸುವ ಪ್ರತಿಧ್ವನಿಯಿಂದ, ಮುಳುಗಿದ ಗದ್ದೆಯು ಮುಳುಗದ ಗದ್ದೆಗಿಂತ ಬೆಳ್ಳಗೆ ಕಾಣುವ ಸಂಭವವಿದೆ. ನಿಸಾರ್ ಸಹ ಅದೇ ಪಥಕ್ಕೆ 12 ದಿನಗಳಿಗೊಮ್ಮೆ ಮರಳುತ್ತದೆ. ಹಾಗಾಗಿ ನೀರು ಏರಿದ ರಾತ್ರಿ ಅದು ಘಟಪ್ರಭೆಯ ಮೇಲೆಯೇ ಇರುತ್ತದೆ ಎನ್ನಲಾಗದು. ಇದ್ದರೂ ಹುಕ್ಕೇರಿಯಿಂದ ಮೂಡಲಗಿಯವರೆಗಿನ ಗದ್ದೆಗಳಲ್ಲಿ ಯಾವ ಬಿಳುಪು ನೀರಿನದು, ಯಾವ ಬಿಳುಪು ದಟ್ಟ ಬೆಳೆಯದು ಎಂಬುದನ್ನು ಮೊದಲ ಕೆಲವು ಮಳೆಗಾಲಗಳಲ್ಲಿ ಸಮೀಕ್ಷಾ ತಂಡಗಳು ಹೊಲಕ್ಕೆ ಇಳಿದು ತಾಳೆ ನೋಡಬೇಕಾಗುತ್ತದೆ.